ಊಟ ಮೊದಲಿನಷ್ಟೇ, ತೂಕ ಮಾತ್ರ ಹತ್ತು ಕಿಲೋ ಹೆಚ್ಚು: ಇದರಲ್ಲಿ ನಿದ್ದೆಯ ಪಾಲೆಷ್ಟು?

ಕುಮಟೆಯ ಮಾಳಿಗೆ | ರಾತ್ರಿ 1.52

ಎಲ್ಲರಿಗೂ ನಮಸ್ಕಾರ. ನನಗೆ ಈಗ 25 ವರ್ಷ. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಬಾಡಿಗೆ ಕೋಣೆಯನ್ನು ಬಿಟ್ಟು ಕುಮಟೆಗೆ ಮರಳಿದೆ. ಅಂದಿನಿಂದ ಮನೆಯ ಮಾಳಿಗೆಯಲ್ಲೇ ಕುಳಿತು ಕಂಪನಿಯ ಕೆಲಸ ಮಾಡುತ್ತಿದ್ದೇನೆ. ಅಮೆರಿಕದ ಗ್ರಾಹಕರೊಂದಿಗೆ ಮಾತನಾಡಬೇಕಾದ ಕೆಲಸವಾದ್ದರಿಂದ ಲ್ಯಾಪ್‌ಟಾಪ್ ಮುಚ್ಚುವಾಗ ರಾತ್ರಿ ಹನ್ನೊಂದೂವರೆಯಾಗುತ್ತದೆ. ನನ್ನ ಎತ್ತರ 170 ಸೆಂಟಿಮೀಟರ್. ಊರಿಗೆ ಬಂದಾಗ 63 ಕಿಲೋ ಇದ್ದ ತೂಕ ಈಗ 73 ಆಗಿದೆ, ಸೊಂಟದ ಸುತ್ತಳತೆ 93 ಸೆಂಟಿಮೀಟರ್ ದಾಟಿದೆ.

ನನಗೆ ಅರ್ಥವಾಗದಿರುವುದು ಇಷ್ಟೇ. ಬೆಂಗಳೂರಿನಲ್ಲಿ ಮೂರು ಹೊತ್ತೂ ಹೋಟೆಲಿನ ಎಣ್ಣೆ ತಿನ್ನುತ್ತಿದ್ದೆ. ಇಲ್ಲಿ ಆಯಿ ಮಾಡಿದ ತೆಳ್ಳೇವು, ತಂಬುಳಿ, ಅನ್ನ, ಪಲ್ಯಗಳ ಊಟ. ತಟ್ಟೆಗೆ ಬೀಳುವ ಅನ್ನ ಮೊದಲಿಗಿಂತ ಹೆಚ್ಚೇನೂ ಅಲ್ಲ. ಆದರೂ ಪ್ಯಾಂಟುಗಳು ಒಂದೊಂದಾಗಿ ಕಪಾಟಿನ ಪಾಲಾಗುತ್ತಿವೆ. ಪರಿಚಯದ ವೈದ್ಯರೊಬ್ಬರು ಹೊಟ್ಟೆಯ ಬಗ್ಗೆ ಕೇಳುವ ಮೊದಲು ನಿದ್ದೆಯ ಬಗ್ಗೆ ಕೇಳಿದರು. ಹನ್ನೆರಡೂವರೆಗೆ ಮಲಗಿ ಏಳೂವರೆಗೆ ಏಳುತ್ತೇನೆ, ಏಳು ತಾಸು ಆಗುತ್ತದೆ ಎಂದು ಹೇಳಿ ಬಂದೆ. ನಿದ್ದೆಗೂ ಬೊಜ್ಜಿಗೂ ನಿಜವಾಗಿ ಸಂಬಂಧವಿದೆಯೇ, ಅಥವಾ ಇದು ಕೆಲಸ ಕಡಿಮೆಯಾದ ಮೈಯ ಕತೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಬೈತಖೋಲ ಬೋಟು | ಬೆಳಿಗ್ಗೆ 10.20

ನಿದ್ದೆ ಕಡಿಮೆಯಾದರೆ ತೂಕ ಹೆಚ್ಚುತ್ತದೆ ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ನಮ್ಮ ಬೋಟಿನಲ್ಲಿ ಇಪ್ಪತ್ತರಿಂದ ಮೂವತ್ತು ವರ್ಷದೊಳಗಿನ ಹುಡುಗರೇ ಹೆಚ್ಚು. ನಸುಕಿನ ಮೂರಕ್ಕೆ ಬೋಟಿನ ಮುಖ್ಯಸ್ಥರಾದ ತಾಂಡೇಲರು ಎಬ್ಬಿಸುತ್ತಾರೆ. ಬಲೆ ಹಾಕಿ, ಎಳೆದು, ಬಂದರಿಗೆ ಬಂದು ಬಂಗಡೆ ಇಳಿಸುವುದರೊಳಗೆ ಬಿಸಿಲೇರಿರುತ್ತದೆ. ತುಂಡು ತುಂಡಾಗಿ ಎಲ್ಲ ಸೇರಿಸಿದರೂ ದಿನಕ್ಕೆ ಐದು ತಾಸಿನ ನಿದ್ದೆ ದಾಟುವುದಿಲ್ಲ. ಒಬ್ಬನಿಗೂ ಹೊಟ್ಟೆಯಿಲ್ಲ.

ಹೊಟ್ಟೆ ಬರುವುದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ. ಆಗ ಮಳೆಯ ಸದ್ದಿಗೆ ಎಂಟು ತಾಸು ಮಲಗುತ್ತೇವೆ, ಆಗಸ್ಟಿನಲ್ಲಿ ಬೋಟು ಹತ್ತುವಾಗ ನಾಲ್ಕು ಕಿಲೋ ಹೆಚ್ಚಿರುತ್ತೇವೆ. ನಮ್ಮ ಲೆಕ್ಕದ ಪ್ರಕಾರ ನಿದ್ದೆ ಹೆಚ್ಚಿದಾಗಲೇ ತೂಕ ಹೆಚ್ಚುತ್ತದೆ.

ಶಿರಸಿಯ ನಿವೃತ್ತ ಮಾಸ್ತರ | ಮಧ್ಯಾಹ್ನ 3.15

ನಾನು ವೈದ್ಯನಲ್ಲ, ಮೂವತ್ತು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು. ಮೊದಲು ಕುಮಟೆಯ ತಮ್ಮನಿಗೆ ಒಂದು ಮಾತು. ಹನ್ನೆರಡೂವರೆಗೆ ಮಲಗುವೆನೆಂದು ಬರೆದಿದ್ದೀರಿ. ಆ ಬರಹವನ್ನು ಹಾಕಿದ ಹೊತ್ತು ರಾತ್ರಿ 1.52. ಹಾಸಿಗೆಗೆ ಹೋಗುವ ಹೊತ್ತು ಬೇರೆ, ಕಣ್ಣು ಮುಚ್ಚುವ ಹೊತ್ತು ಬೇರೆ. ಇದು ನಿಮ್ಮೊಬ್ಬರ ದೋಷವಲ್ಲ. ಅಮೆರಿಕದಲ್ಲಿ ಕಾರ್ಡಿಯಾ ಎಂಬ ದೀರ್ಘಕಾಲದ ಅಧ್ಯಯನದ ಕೆಲವರ ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿ ನೋಡಿದಾಗ, ಅವರು ಬಾಯಲ್ಲಿ ಹೇಳಿದ ಸರಾಸರಿ ನಿದ್ದೆ 6.8 ತಾಸು ಇತ್ತು, ಸಾಧನ ತೋರಿಸಿದ್ದು ಸುಮಾರು 6 ತಾಸು. ಆದ್ದರಿಂದ ಏಳು ತಾಸು ಎಂಬ ನಿಮ್ಮ ಲೆಕ್ಕವನ್ನು ಸದ್ಯಕ್ಕೆ ಬದಿಗಿಡೋಣ.

ಇನ್ನು ಸಂಬಂಧದ ವಿಚಾರ. ನಮ್ಮ ಮೈಯ ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ‘ಸಂಗ್ರಹ ಸಾಕಷ್ಟಿದೆ’ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಇದು ಪತ್ತೆಯಾದದ್ದು 1994ರಲ್ಲಿ. ಜಠರದಿಂದ ಹೊರಡುವ ಗ್ರೆಲಿನ್ ಹಸಿವನ್ನು ಕೆರಳಿಸುತ್ತದೆ. ಇದನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. 2004ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಸರಾಸರಿ 22 ವರ್ಷದ 12 ಮಂದಿ ಆರೋಗ್ಯವಂತ ಯುವಕರನ್ನು ಒಮ್ಮೆ ಎರಡು ರಾತ್ರಿ ನಾಲ್ಕು ತಾಸು, ಇನ್ನೊಮ್ಮೆ ಎರಡು ರಾತ್ರಿ ಹತ್ತು ತಾಸು ಮಲಗಿಸಿ ರಕ್ತ ಪರೀಕ್ಷಿಸಿದರು. ನಿದ್ದೆಗೆಟ್ಟ ದಿನಗಳಲ್ಲಿ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು, ಗ್ರೆಲಿನ್ ಶೇ. 28ರಷ್ಟು ಏರಿತ್ತು, ಹಸಿವು ಶೇ. 24ರಷ್ಟು ಹೆಚ್ಚಾಗಿತ್ತು. ಆ ಹಸಿವು ಹೊರಳಿದ್ದು ಸೊಪ್ಪಿನ ಪಲ್ಯದ ಕಡೆಗಲ್ಲ. ಸಿಹಿ, ಉಪ್ಪು, ಹಿಟ್ಟಿನ ತಿನಿಸುಗಳ ಕಡೆಗೆ.

‘ಎಚ್ಚರವಿದ್ದರೆ ಮೈ ಹೆಚ್ಚು ಉರಿಯುತ್ತದೆಯಲ್ಲ, ಲೆಕ್ಕ ಸರಿಹೋಗಬೇಕಲ್ಲ’ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಉರಿಯುತ್ತದೆ, ನಿಜ. 2013ರಲ್ಲಿ ಕೊಲರಾಡೊದಲ್ಲಿ 16 ಮಂದಿ ತರುಣ ತರುಣಿಯರನ್ನು ಐದು ದಿನ ಐದೇ ತಾಸು ಮಲಗಿಸಿದಾಗ ಮೈ ಖರ್ಚು ಮಾಡುವ ಶಕ್ತಿ ಸುಮಾರು ಶೇ. 5ರಷ್ಟು ಹೆಚ್ಚಿತು. ಆದರೆ ಅವರು ತಿಂದದ್ದು ಅದಕ್ಕಿಂತ ಹೆಚ್ಚು, ಅದೂ ರಾತ್ರಿ ಊಟದ ನಂತರ. ಐದು ದಿನಗಳಲ್ಲಿ ಸರಾಸರಿ 0.8 ಕಿಲೋ ತೂಕ ಏರಿತು.

ಬೈತಖೋಲದ ಅಣ್ಣನ ಅನುಭವವೂ ಸುಳ್ಳಲ್ಲ. ಅವರ ಎಚ್ಚರದ ಹೊತ್ತು ಬಲೆ ಎಳೆಯುವುದರಲ್ಲಿ ಕಳೆಯುತ್ತದೆ, ನಡುಸಮುದ್ರದಲ್ಲಿ ಕೈಗೆ ಸಿಗುವಂತೆ ಚಿಪ್ಸಿನ ಡಬ್ಬಿಯೂ ಇರುವುದಿಲ್ಲ. ಜೂನ್ ಬಂದಾಗ ಮೈಯ ದುಡಿಮೆ ನಿಲ್ಲುತ್ತದೆ, ಬೋಟಿನಲ್ಲಿ ರೂಢಿಯಾದ ಊಟ ನಿಲ್ಲುವುದಿಲ್ಲ. ಅಲ್ಲಿ ತೂಕ ತರುವುದು ನಿದ್ದೆಯಲ್ಲ, ನಿಂತುಹೋದ ಬಲೆ. ನಮ್ಮ ಅಜ್ಜಂದಿರು ಅಡಿಕೆ ಸುಲಿಯುವ ಕಾಲದಲ್ಲಿ ನಡುರಾತ್ರಿಯವರೆಗೆ ಎಚ್ಚರವಿದ್ದೂ ಕಡ್ಡಿಯಂತೆ ಇದ್ದರಲ್ಲ ಎಂಬ ಮಾತಿಗೂ ಇದೇ ಉತ್ತರ. ಅವರ ಪಕ್ಕದಲ್ಲಿ ಇದ್ದದ್ದು ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ಮಾತ್ರ. (ಕವಳವನ್ನು ನಾನು ಹೊಗಳುತ್ತಿಲ್ಲ, ಅದರ ತೊಂದರೆಗಳು ಬೇರೆಯೇ ಇವೆ.)

ತಮ್ಮಾ, ನಿಮಗೆ ನನ್ನ ಪ್ರಶ್ನೆ ಒಂದೇ: ರಾತ್ರಿ ಹನ್ನೊಂದೂವರೆಯಿಂದ ಎರಡರವರೆಗೆ ಏನು ತಿನ್ನುತ್ತೀರಿ?

ಅಂಕೋಲೆಯ ನಿತ್ಯ ಪ್ರಯಾಣಿಕೆ | ರಾತ್ರಿ 9.40

ಮಾಸ್ತರರು ಬರೆದ ಮೊದಲ ಪ್ರಯೋಗದಲ್ಲಿ ಗಂಡಸರೇ ಇದ್ದರು. ಹೆಂಗಸರ ಮೈ ಹೇಗೆ ವರ್ತಿಸುತ್ತದೆ ಎಂಬುದನ್ನೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನನಗೆ 29 ವರ್ಷ, ಮೂರು ವರ್ಷದ ಮಗನಿದ್ದಾನೆ. ಅಂಕೋಲೆಯಿಂದ ಕಾರವಾರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಪಾತ್ರೆ, ಮರುದಿನದ ಹಿಟ್ಟು, ಮಗನ ಬಟ್ಟೆ ಮುಗಿಸಿ ನಾನು ಮಲಗುವಾಗ ಹನ್ನೆರಡಾಗುತ್ತದೆ. ತೂಕ ಇಳಿಸಬೇಕೆಂದು ಮೂರು ತಿಂಗಳಿಂದ ರಾತ್ರಿ ಅನ್ನ ಬಿಟ್ಟು, ನಸುಕಿನ ಐದಕ್ಕೆ ಎದ್ದು ನಲವತ್ತು ನಿಮಿಷ ನಡೆಯುತ್ತಿದ್ದೇನೆ. ಮೂರು ಕಿಲೋ ಇಳಿದಿದೆ. ಆದರೆ ಬಸ್ಸು ಬೆಲೇಕೇರಿ ದಾಟುವುದರೊಳಗೆ ಕಿಟಕಿಗೆ ತಲೆ ತಾಗಿಸಿ ತೂಗುತ್ತಿರುತ್ತೇನೆ, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತದೆ, ಸೊಂಟದ ಅಳತೆ ಮಾತ್ರ ಹಾಗೆಯೇ ಇದೆ. ನಡಿಗೆಗಾಗಿ ನಿದ್ದೆ ಬಿಡುವುದು ಸರಿಯೇ?

ಶಿರಸಿಯ ನಿವೃತ್ತ ಮಾಸ್ತರ | ಬೆಳಿಗ್ಗೆ 7.05

ತಂಗೀ, ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ಪ್ರಯೋಗವೊಂದು 2010ರಲ್ಲಿ ನಡೆದಿದೆ. ತೂಕ ಹೆಚ್ಚಿದ್ದ ಹತ್ತು ಮಂದಿಗೆ ಎರಡು ವಾರ ಊಟ ಕಡಿಮೆ ಮಾಡಿ, ಒಮ್ಮೆ ಹಾಸಿಗೆಯಲ್ಲಿ ಎಂಟೂವರೆ ತಾಸು, ಇನ್ನೊಮ್ಮೆ ಐದೂವರೆ ತಾಸು ಕೊಟ್ಟರು. ಎರಡೂ ಸಲ ಇಳಿದ ಒಟ್ಟು ತೂಕ ಹೆಚ್ಚುಕಡಿಮೆ ಒಂದೇ, ಮೂರು ಕಿಲೋ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕಿಲೋ ಕೊಬ್ಬು ಇತ್ತು. ನಿದ್ದೆ ಮೊಟಕಾದಾಗ ಕೊಬ್ಬು ಇಳಿದದ್ದು 0.6 ಕಿಲೋ ಮಾತ್ರ, ಉಳಿದದ್ದೆಲ್ಲ ಸ್ನಾಯು ಮುಂತಾದ ಕೊಬ್ಬಲ್ಲದ ಭಾಗ. ತಕ್ಕಡಿ ಎರಡು ಸಲವೂ ಒಂದೇ ಅಂಕೆ ತೋರಿಸಿತು, ಕರಗಿದ ಪದಾರ್ಥ ಮಾತ್ರ ಬೇರೆ. ನಿಮ್ಮ ಕಾಲು ನಡುಗುವುದಕ್ಕೆ ರಕ್ತಹೀನತೆ, ಥೈರಾಯ್ಡ್ ಮುಂತಾದ ಕಾರಣಗಳೂ ಇರಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಆದರೆ ನಿದ್ದೆಯಿಂದ ನಲವತ್ತು ನಿಮಿಷ ಕಡಿದು, ಐದೇ ತಾಸು ಮಲಗಿ ನಡೆಯುವುದು ಸಾಲ ಮಾಡಿ ಬಡ್ಡಿ ಕಟ್ಟಿದಂತೆ. ಸಂಜೆ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಲು ಆಗುವುದಾದರೆ ಅದೇ ಮೇಲು.

ಹೆಂಗಸರ ಬಗ್ಗೆ ಕೇಳಿದಿರಿ. 2011ರಲ್ಲಿ ನ್ಯೂಯಾರ್ಕಿನಲ್ಲಿ 15 ಗಂಡಸರು, 15 ಹೆಂಗಸರನ್ನು ನಾಲ್ಕು ತಾಸು ಮತ್ತು ಒಂಬತ್ತು ತಾಸು ಮಲಗಿಸಿ ಹೋಲಿಸಿದಾಗ, ನಿದ್ದೆ ಕಡಿಮೆಯಾದ ದಿನ ಹೆಂಗಸರು 329, ಗಂಡಸರು 263 ಕ್ಯಾಲೊರಿ ಹೆಚ್ಚು ತಿಂದರು. ಕಾರಣ ಮಾತ್ರ ಬೇರೆಯಿರುವಂತೆ ಕಂಡಿತು. ಅದೇ ತಂಡದ ಮುಂದಿನ ವರದಿಯಂತೆ ಗಂಡಸರಲ್ಲಿ ಹಸಿವಿನ ಗ್ರೆಲಿನ್ ಏರಿತ್ತು. ಹೆಂಗಸರಲ್ಲಿ ಗ್ರೆಲಿನ್ ಏರಿರಲಿಲ್ಲ, ‘ಸಾಕು’ ಎನಿಸುವ ಜಿಎಲ್‌ಪಿ-1 ಎಂಬ ಹಾರ್ಮೋನು ಮಧ್ಯಾಹ್ನದ ಹೊತ್ತಿಗೆ ತಗ್ಗಿತ್ತು. ಅಂದರೆ ಒಬ್ಬರಿಗೆ ಹಸಿವು ಬೇಗ ಬರುತ್ತದೆ, ಇನ್ನೊಬ್ಬರಿಗೆ ತೃಪ್ತಿ ತಡವಾಗಿ ಬರುತ್ತದೆ. ಕೆಲವೇ ಮಂದಿಯ ಪ್ರಯೋಗವಾದ್ದರಿಂದ ಇದನ್ನು ಶಾಸನವೆಂದು ತಿಳಿಯಬೇಡಿ.

ಕಾರವಾರದ ಲೆಕ್ಕಿಗ | ಬೆಳಿಗ್ಗೆ 11.30

ನಾನು ಅಂಕಿಅಂಶ ಕಲಿತವನು, ಹಾಗಾಗಿ ಸ್ವಲ್ಪ ಒರಟಾಗಿ ಬರೆಯುತ್ತೇನೆ. ನಿದ್ದೆ ಕಡಿಮೆಯಿರುವ ವಯಸ್ಕರಲ್ಲಿ ಬೊಜ್ಜಿನ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಎಂದು 2008ರ ದೊಡ್ಡ ವಿಶ್ಲೇಷಣೆಯೊಂದು ಹೇಳಿತ್ತು, ಒಪ್ಪುತ್ತೇನೆ. ಆದರೆ ಅಂಥ ಅಧ್ಯಯನಗಳಲ್ಲಿ ಬಹುಪಾಲು ಒಂದೇ ದಿನ ಎರಡು ಪ್ರಶ್ನೆ ಕೇಳಿದಂಥವು: ಎಷ್ಟು ಮಲಗುತ್ತೀರಿ, ಎಷ್ಟು ತೂಗುತ್ತೀರಿ. ಯಾವುದು ಮೊದಲು ಬಂದಿತೆಂದು ಅದರಿಂದ ತಿಳಿಯುವುದಿಲ್ಲ. ಬೊಜ್ಜೇ ನಿದ್ದೆ ಕೆಡಿಸಿರಬಹುದು. ಸಾಲ, ಖಿನ್ನತೆ, ರಾತ್ರಿ ಪಾಳಿ ಇವು ಎರಡನ್ನೂ ಒಟ್ಟಿಗೆ ತಂದಿರಬಹುದು. ಒಂಬತ್ತು ತಾಸಿಗಿಂತ ಹೆಚ್ಚು ಮಲಗುವವರಲ್ಲೂ ತೂಕ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಲ್ಲಿ ದೀರ್ಘ ನಿದ್ದೆ ಅನಾರೋಗ್ಯದ ಗುರುತೇ ಹೊರತು ಕಾರಣವಾಗಿರಲಿಕ್ಕಿಲ್ಲ.

ಇನ್ನು ಪ್ರಯೋಗಾಲಯದಲ್ಲಿ ನಾಲ್ಕು ತಾಸು ಮಲಗಿಸುವುದು. ಮುಂದೆ ತಿನಿಸಿನ ಮೇಜು ಇಟ್ಟು, ಮಾಡಲು ಬೇರೇನೂ ಕೆಲಸವಿಲ್ಲದೆ ಕೂರಿಸಿದರೆ ನಾನೂ ತಿನ್ನುತ್ತೇನೆ.

ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅತಿತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪಾಲು 2015–16ರಲ್ಲಿ ಶೇ. 20.6 ಇದ್ದದ್ದು 2019–21ರಲ್ಲಿ ಶೇ. 24.0 ಆಯಿತು, ಪುರುಷರ ಪಾಲು ಶೇ. 18.9ರಿಂದ 22.9ಕ್ಕೆ ಏರಿತು. ಅದೇ ವರ್ಷಗಳಲ್ಲಿ ಅಗ್ಗದ ಮೊಬೈಲ್ ಡೇಟಾ ಮನೆಮನೆಗೆ ಬಂದಿತೆಂದು ಎರಡನ್ನೂ ಗಂಟು ಹಾಕುವವರನ್ನು ನೋಡಿದ್ದೇನೆ. ಅದೇ ವರ್ಷಗಳಲ್ಲಿ ಸ್ಕೂಟರುಗಳೂ ಹೆಚ್ಚಿವೆ, ಬೇಕರಿಗಳೂ ಹೆಚ್ಚಿವೆ.

ಒಂದು ತಿದ್ದುಪಡಿ ಮಾತ್ರ ಕುಮಟೆಯವರಿಗೆ. ನಿಮ್ಮ ದೇಹ ತೂಕ ಸೂಚ್ಯಂಕ, ಅಂದರೆ ಬಿಎಂಐ, 73ನ್ನು 1.7ರಿಂದ ಎರಡು ಸಲ ಭಾಗಿಸಿದರೆ 25.3. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಅಳತೆಯಲ್ಲಿ ಇದು ಅತಿತೂಕದ ಹೊಸ್ತಿಲು. ಆದರೆ ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ನಮ್ಮ ವೈದ್ಯರು 23ಕ್ಕೇ ಎಚ್ಚರಿಸುತ್ತಾರೆ, 25ನ್ನು ಬೊಜ್ಜೆಂದೇ ಪರಿಗಣಿಸುತ್ತಾರೆ. ಸೊಂಟದ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್.

ಶಿರಸಿಯ ನಿವೃತ್ತ ಮಾಸ್ತರ | ಸಂಜೆ 6.30

ಲೆಕ್ಕಿಗರ ಆಕ್ಷೇಪಗಳೆಲ್ಲ ನ್ಯಾಯವಾದವು. ಅದಕ್ಕಾಗಿಯೇ ನನಗೆ 2022ರಲ್ಲಿ ಪ್ರಕಟವಾದ ಶಿಕಾಗೋ ತಂಡದ ಇನ್ನೊಂದು ಪ್ರಯೋಗ ಹೆಚ್ಚು ಮುಖ್ಯವೆನಿಸುತ್ತದೆ. 21ರಿಂದ 40 ವರ್ಷದ, ಅತಿತೂಕದ, ಆರೂವರೆ ತಾಸಿಗಿಂತ ಕಡಿಮೆ ಮಲಗುವ ರೂಢಿಯಿದ್ದ 80 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಪ್ರಯೋಗಾಲಯವಿಲ್ಲ, ಮೇಜಿನ ಮೇಲೆ ತಿನಿಸಿಲ್ಲ. ಎಲ್ಲರೂ ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲೇ ಮಲಗಿದರು. ಒಂದು ಗುಂಪಿಗೆ ಮಾತ್ರ ಮಲಗುವ ಹೊತ್ತು, ಫೋನು ಇವುಗಳ ಬಗ್ಗೆ ಒಮ್ಮೆ ಕೂರಿಸಿ ಸಲಹೆ ಕೊಟ್ಟರು. ಊಟದ ಬಗ್ಗೆ ಯಾರಿಗೂ ಒಂದು ಮಾತನ್ನೂ ಹೇಳಲಿಲ್ಲ. ಆ ಗುಂಪಿನ ನಿದ್ದೆ ದಿನಕ್ಕೆ ಸುಮಾರು 1.2 ತಾಸು ಹೆಚ್ಚಿತು, ತಿನ್ನುವ ಪ್ರಮಾಣ ಇನ್ನೊಂದು ಗುಂಪಿಗೆ ಹೋಲಿಸಿದರೆ ಸುಮಾರು 270 ಕ್ಯಾಲೊರಿ ಇಳಿಯಿತು. ತಿಂದದ್ದನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡದ್ದಲ್ಲ. ವಿಶೇಷ ನೀರು ಕುಡಿಸಿ, ಮೂತ್ರ ಪರೀಕ್ಷಿಸಿ, ಮೈ ಖರ್ಚು ಮಾಡಿದ ಶಕ್ತಿಯಿಂದ ಲೆಕ್ಕ ಹಾಕಿದ್ದು. ಕೇವಲ ಎರಡು ವಾರಗಳ ಮಾತು ಇದು, ವರ್ಷಗಟ್ಟಲೆ ಹೀಗೆಯೇ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಆದರೆ ಯಾವುದು ಮೊದಲು ಎಂಬ ಲೆಕ್ಕಿಗರ ಪ್ರಶ್ನೆಗೆ ಇಲ್ಲಿ ಉತ್ತರವಿದೆ: ಬದಲಿಸಿದ್ದು ನಿದ್ದೆಯನ್ನು, ಬದಲಾದದ್ದು ಊಟ.

270 ಕ್ಯಾಲೊರಿ ಎಂದರೆ ಎಷ್ಟು? ಎಣ್ಣೆಯಲ್ಲಿ ಕರಿದ ಹಲಸಿನ ಚಿಪ್ಸು ಎರಡು ಹಿಡಿ. ನಾನು ಕೇಳಿದ ಪ್ರಶ್ನೆಗೆ ಕುಮಟೆಯಿಂದ ಇನ್ನೂ ಉತ್ತರ ಬಂದಿಲ್ಲ.

ಕಾರವಾರದ ಲೆಕ್ಕಿಗ | ಸಂಜೆ 7.10

ಈ ಪ್ರಯೋಗ ಗಟ್ಟಿಯಾದದ್ದು. ಒಪ್ಪಿದೆ.

ಹೊನ್ನಾವರದ ಸೊಸೆ | ರಾತ್ರಿ 8.25

ಎಲ್ಲರೂ ನಿದ್ದೆಯ ತಾಸುಗಳನ್ನೇ ಎಣಿಸುತ್ತಿರುವುದರಿಂದ ನಮ್ಮ ಮನೆಯ ಸಂಗತಿಯೊಂದನ್ನು ಬರೆಯುತ್ತೇನೆ. ನನ್ನ ಯಜಮಾನರಿಗೆ 34 ವರ್ಷ, ತೂಕ 96 ಕಿಲೋ ಇತ್ತು. ದಿನಕ್ಕೆ ಎಂಟು ತಾಸು ಮಲಗುತ್ತಿದ್ದರೂ ಬೆಳಿಗ್ಗೆ ತಲೆನೋವು, ಅಂಗಡಿಯ ಗಲ್ಲೆಯ ಮೇಲೆ ಕುಳಿತಲ್ಲೇ ತೂಕಡಿಕೆ. ನಾವು ಹೋದ ಮೊದಲ ಆಸ್ಪತ್ರೆಯಲ್ಲಿ ಸಿಹಿ ಬಿಡಿ, ನಡೆಯಿರಿ ಎಂದು ಎರಡು ನಿಮಿಷದಲ್ಲಿ ಹೇಳಿ ಕಳುಹಿಸಿದರು. ಗೊರಕೆಯ ಬಗ್ಗೆ ಯಾರೂ ಕೇಳಲಿಲ್ಲ. ಒಂದು ರಾತ್ರಿ ವಿದ್ಯುತ್ ಹೋಗಿ ಫ್ಯಾನು ನಿಂತಾಗ ನಾನು ಅವರ ಗೊರಕೆಯನ್ನು ಗಮನವಿಟ್ಟು ಕೇಳಿದೆ. ಏರುತ್ತಾ ಹೋದ ಗೊರಕೆ ಫಕ್ಕನೆ ನಿಂತಿತು. ನಾನು ಮನಸ್ಸಿನಲ್ಲೇ ಇಪ್ಪತ್ತೆರಡರವರೆಗೆ ಎಣಿಸಿದ ಮೇಲೆ, ನೀರಿನಿಂದ ಮೇಲೆದ್ದವರಂತೆ ಒಮ್ಮೆಲೇ ಉಸಿರೆಳೆದು ಮಗ್ಗುಲಾದರು. ಐದು ನಿಮಿಷದಲ್ಲಿ ಮತ್ತೆ ಹಾಗೆಯೇ ಆಯಿತು. ಅದನ್ನು ಫೋನಿನಲ್ಲಿ ಚಿತ್ರಿಸಿಕೊಂಡು ಬೇರೆ ವೈದ್ಯರಿಗೆ ತೋರಿಸಿದೆವು.

ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಎಂಬ ತೊಂದರೆ ಅದು. ಮಲಗಿದ್ದು ಎಂಟು ತಾಸಾದರೂ ಮಿದುಳು ಅಷ್ಟು ಸಲ ಎಚ್ಚರಗೊಂಡಿರುತ್ತದೆ. ತೂಕ ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ, ದಣಿವಿನಿಂದ ನಡಿಗೆ ನಿಲ್ಲುತ್ತದೆ, ತೂಕ ಮತ್ತೆ ಏರುತ್ತದೆ. ಈಗ ರಾತ್ರಿ ಮುಖಕ್ಕೆ ಕಟ್ಟಿಕೊಂಡು ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಳಸುತ್ತಾರೆ. ಯಂತ್ರದಿಂದ ತೂಕ ತಾನಾಗಿ ಇಳಿಯಲಿಲ್ಲ. ಆದರೆ ಬೆಳಿಗ್ಗೆ ಏಳುವ ಚೈತನ್ಯ ಬಂದದ್ದರಿಂದ ಶರಾವತಿ ಸೇತುವೆಯ ಕಡೆಗೆ ನಡೆಯಲು ಶುರು ಮಾಡಿದರು. ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರುವ ಹುಡುಗಿಯರಲ್ಲೂ ಇದು ಹೆಚ್ಚೆಂದು ವೈದ್ಯರು ಹೇಳಿದರು. ಗೊರಕೆ ಗಂಡಸರ ಸ್ವತ್ತೆಂದು ತಿಳಿದು ಹೆಂಗಸರು ಬಾಯಿಬಿಟ್ಟು ಹೇಳುವುದೇ ಇಲ್ಲವಂತೆ.

ಕುಮಟೆಯ ಮಾಳಿಗೆ | 24 ದಿನಗಳ ನಂತರ, ರಾತ್ರಿ 8.50

ಉತ್ತರಿಸಲು ತಡವಾದುದಕ್ಕೆ ಕ್ಷಮಿಸಿ. ಮಾಸ್ತರರ ಪ್ರಶ್ನೆಗೆ ಅಂದೇ ಉತ್ತರ ಗೊತ್ತಿತ್ತು, ಬರೆಯಲು ನಾಚಿಕೆಯಾಯಿತು. ಒಂದು ಪುಸ್ತಕ ಮಾಡಿಕೊಂಡು ಮಲಗಿದ, ಎದ್ದ, ತಿಂದ ಹೊತ್ತುಗಳನ್ನು ಬರೆದಿಟ್ಟೆ. ಮೊದಲ ವಾರದ ಸರಾಸರಿ ನಿದ್ದೆ ಐದು ತಾಸು ಇಪ್ಪತ್ತು ನಿಮಿಷ. ನಾನು ಏಳು ಎಂದು ನಂಬಿದ್ದೆ. ಕೆಲಸ ಮುಗಿದ ಮೇಲೆ ‘ಈಗ ನನ್ನ ಹೊತ್ತು’ ಎಂದು ಫೋನು ಹಿಡಿದು ಹಾಸಿಗೆಯಲ್ಲಿ ಬೀಳುತ್ತಿದ್ದೆ. ಪಕ್ಕದಲ್ಲಿ ಆಯಿ ತುಂಬಿಟ್ಟ ಹಲಸಿನ ಚಿಪ್ಸಿನ ಡಬ್ಬಿ, ಇಲ್ಲವೇ ಅವಲಕ್ಕಿ ಚೂಡಾ. ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಸಂಜೆಯೊಮ್ಮೆ, ಬೆಳಿಗ್ಗೆಯೊಮ್ಮೆ ತೂಗಿದೆ. ಏಳು ರಾತ್ರಿಗಳಲ್ಲಿ 410 ಗ್ರಾಂ ಕಡಿಮೆಯಾಗಿತ್ತು. ಇದು ನನ್ನ ಊಟದ ಲೆಕ್ಕದಲ್ಲಿ ಎಂದೂ ಸೇರಿರಲಿಲ್ಲ, ಏಕೆಂದರೆ ಅದು ತಟ್ಟೆಗೆ ಬೀಳುತ್ತಿರಲಿಲ್ಲ.

ಎರಡನೆಯ ವಾರದಿಂದ ಎರಡೇ ಬದಲಾವಣೆ ಮಾಡಿದೆ. ಫೋನಿನ ಚಾರ್ಜರನ್ನು ಕೆಳಗಿನ ಜಗುಲಿಯಲ್ಲಿಟ್ಟೆ, ಮೇಲಧಿಕಾರಿಯನ್ನು ಕೇಳಿ ವಾರದಲ್ಲಿ ಎರಡು ದಿನದ ತಡರಾತ್ರಿಯ ಕರೆಗಳನ್ನು ಮುಂಚಿತಗೊಳಿಸಿಕೊಂಡೆ. ಡಬ್ಬಿಯನ್ನು ಮುಟ್ಟಬಾರದೆಂದು ಶಪಥ ಮಾಡಲಿಲ್ಲ. ಕಳೆದ ವಾರದ ಸರಾಸರಿ ನಿದ್ದೆ ಆರು ತಾಸು ನಲವತ್ತು ನಿಮಿಷ, ಡಬ್ಬಿಯಿಂದ ಹೋದದ್ದು 90 ಗ್ರಾಂ. ಫೋನು ಇಲ್ಲದ ಮೊದಲ ನಾಲ್ಕು ರಾತ್ರಿ ಸೂರು ನೋಡುತ್ತಾ ಹೊರಳಾಡಿದ್ದನ್ನೂ ಹೇಳಬೇಕು. ಸಂಜೆ ಆರರ ಚಹಾವನ್ನು ಬಿಟ್ಟು ಕಷಾಯಕ್ಕೆ ಬಂದ ಮೇಲೆ ಸ್ವಲ್ಪ ಸುಧಾರಿಸಿತು. ತೂಕ 72.2.

ಕಾರವಾರದ ಲೆಕ್ಕಿಗ | ರಾತ್ರಿ 9.15

800 ಗ್ರಾಂ ನೀರಿನ ಏರಿಳಿತವೂ ಆಗಿರಬಹುದು. ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ ಮೂರು ತಿಂಗಳ ಅಂಕೆ ಕೊಡಿ. ಡಬ್ಬಿಯ ಅಂಕೆ ಮಾತ್ರ ನನಗೆ ಬಹಳ ಹಿಡಿಸಿತು.

ಬೈತಖೋಲ ಬೋಟು | ರಾತ್ರಿ 9.30

ಈ ಸಲದ ನಿಷೇಧದಲ್ಲಿ ನಾನೂ ತೂಗಿ ಬರೆದಿಡುತ್ತೇನೆ. ಬಲೆ ಎಳೆಯದ ದಿನವೂ ಬೋಟಿನ ಊಟವನ್ನೇ ಉಣ್ಣುತ್ತಿದ್ದೇವೆ ಎಂಬ ಮಾಸ್ತರರ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ಹೆಂಡತಿ ಇದನ್ನು ಐದು ವರ್ಷಗಳಿಂದ ಹೇಳುತ್ತಿದ್ದಾಳಂತೆ.

ಅಂಕೋಲೆಯ ನಿತ್ಯ ಪ್ರಯಾಣಿಕೆ | ರಾತ್ರಿ 9.35

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದಿದೆ, ಮಾತ್ರೆ ಶುರು ಮಾಡಿದ್ದೇನೆ. ನಸುಕಿನ ನಡಿಗೆ ನಿಲ್ಲಿಸಿ ಸಂಜೆಗೆ ಬದಲಿಸಿದ್ದೇನೆ, ರಾತ್ರಿ ಸ್ವಲ್ಪ ಅನ್ನವನ್ನೂ ಉಣ್ಣುತ್ತೇನೆ. ವಾರದಲ್ಲಿ ಮೂರು ದಿನ ಬೆಳಗಿನ ತಿಂಡಿಯನ್ನು ಯಜಮಾನರು ವಹಿಸಿಕೊಂಡದ್ದರಿಂದ ಆ ದಿನಗಳಲ್ಲಿ ಆರೂವರೆಯವರೆಗೆ ಮಲಗಲು ಸಾಧ್ಯವಾಗಿದೆ. ಆ ಮೂರೂ ದಿನ ಉಪ್ಪಿಟ್ಟೇ ಆಗುತ್ತದೆ. ನಾನು ಏನನ್ನೂ ಹೇಳಿಲ್ಲ.